ಸದ್ದಲೇ: ಕೇಳುಗರ ನಡತೆಯ ಕುರಿತು

ಹಲವರ ನಡುವೆ ಕುಳಿತು ಹಾಡನ್ನೋ ಆಟವನ್ನೋ ಕೇಳುವ ಹೊತ್ತಿನಲ್ಲಿ ಮನುಷ್ಯನ ನಡತೆ ತಾನಾಗಿಯೇ ಬಯಲಾಗುತ್ತದೆ. ಏಕೆಂದರೆ ಅಲ್ಲಿ ಅವನಿಗೆ ಯಾರೂ ಯಾವ ಕೆಲಸವನ್ನೂ ಒಪ್ಪಿಸಿರುವುದಿಲ್ಲ, ಕೈ, ಬಾಯಿ, ಕಣ್ಣುಗಳನ್ನು ಹೇಗೆ ಇಟ್ಟುಕೊಳ್ಳಬೇಕೆಂಬುದನ್ನು ಅವನೇ ತೀರ್ಮಾನಿಸಬೇಕಾಗುತ್ತದೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಜಾತ್ರೆ, ಉರುಸು, ಗಣೇಶೋತ್ಸವಗಳ ನೆಪದಲ್ಲಿ ಬಯಲಾಟ, ನಾಟಕ, ಭಜನೆ, ರಸಮಂಜರಿಗಳು ನಡೆಯುತ್ತಲೇ ಇರುವುದರಿಂದ, ಕೇಳುಗನಾಗಿ ಕೂರುವ ಸಂದರ್ಭ ಇಲ್ಲಿ ಯಾರಿಗೂ ಅಪರೂಪವಲ್ಲ. ಆಟ ಮುಗಿದ ಮರುದಿನ ಊರ ಕಟ್ಟೆಯ ಮೇಲೆ ನಡೆಯುವ ಚರ್ಚೆಯಲ್ಲಿ ಪಾತ್ರಧಾರಿಗಳ ಗುಣದೋಷಗಳ ಜೊತೆಗೆ, ಜನ ಹೇಗೆ ಕೂತಿದ್ದರು ಎಂಬ ತಕರಾರೂ ಎದ್ದೇ ಏಳುತ್ತದೆ.

ಆ ತಕರಾರಿನಲ್ಲಿ ಎರಡು ಪಕ್ಷಗಳಿರುತ್ತವೆ. ಕಲೆ ನಡೆಯುವಾಗ ಉಸಿರೂ ಕೇಳಿಸಬಾರದೆಂದು ಒಂದು ಪಕ್ಷ ಹೇಳಿದರೆ, ಸಿಳ್ಳೆ, ಕೇಕೆ, ಚಪ್ಪಾಳೆಗಳಿಲ್ಲದ ಆಟ ಸಪ್ಪೆಯೆಂದು ಇನ್ನೊಂದು ಪಕ್ಷ ವಾದಿಸುತ್ತದೆ; ಮೊದಲನೆಯದು ಪಟ್ಟಣದ ಸಭಾಂಗಣದ ರೀತಿಯೆಂದೂ ಎರಡನೆಯದು ಹಳ್ಳಿಯ ರೀತಿಯೆಂದೂ ವಿಂಗಡಿಸುವುದು ಸುಲಭವಾದರೂ, ಚರಿತ್ರೆಯನ್ನು ನೋಡಿದರೆ ಈ ವಿಂಗಡಣೆ ನಿಲ್ಲುವುದಿಲ್ಲ.

ಆರ್ಕೆಸ್ಟ್ರಾ ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಈ ಭಾಗದ ಜಾತ್ರೆಗಳಲ್ಲಿ ಅದರ ಅರ್ಥ ಕೀಬೋರ್ಡು, ಡ್ರಮ್ಸುಗಳೊಂದಿಗೆ ಚಿತ್ರಗೀತೆಗಳನ್ನು ಹಾಡುವ ತಂಡ, ಅಂದರೆ ರಸಮಂಜರಿ. ಯುರೋಪಿನಲ್ಲಿ ಅದರ ಅರ್ಥ ಪಿಟೀಲು ಬಳಗದ ವಾದ್ಯಗಳು, ಊದುವಾದ್ಯಗಳು, ನಗಾರಿಗಳನ್ನು ನುಡಿಸುವ ಹತ್ತಾರು ಮಂದಿ ಒಬ್ಬ ನಿರ್ದೇಶಕನ ಕೈಸನ್ನೆಗೆ ಅನುಸಾರವಾಗಿ ಬರೆದಿಟ್ಟ ಕೃತಿಯೊಂದನ್ನು ನುಡಿಸುವ ವಾದ್ಯವೃಂದ. ಆ ವೃಂದಕ್ಕಾಗಿ ರಚಿಸಿದ ದೊಡ್ಡ ಕೃತಿಗೆ ಸಿಂಫನಿ ಎಂದು ಹೆಸರು. ಅದು ಸಾಮಾನ್ಯವಾಗಿ ನಾಲ್ಕು ಭಾಗಗಳಲ್ಲಿರುತ್ತದೆ, ಭಾಗಗಳ ನಡುವೆ ಚಪ್ಪಾಳೆ ತಟ್ಟದಿರುವುದು ಇಂದಿನ ಪದ್ಧತಿ. ಆದರೆ ಈ ಮೌನ ಬಹಳ ಹಳೆಯದಲ್ಲ. 1778ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಹೊಸ ಸಿಂಫನಿ ನಡೆಯುತ್ತಿದ್ದಾಗ, ಮೊದಲ ಭಾಗದ ಮಧ್ಯದಲ್ಲಿಯೇ ಜನ ಚಪ್ಪಾಳೆ ತಟ್ಟಿದ್ದನ್ನು ಮೊಟ್ಸಾರ್ಟ್ ತನ್ನ ತಂದೆಗೆ ಸಂತೋಷದಿಂದ ಬರೆದು ತಿಳಿಸಿದ್ದಾನೆ. 1813ರಲ್ಲಿ ವಿಯೆನ್ನಾದ ಕೇಳುಗರು ಬೀಥೋವನ್ನನ ಏಳನೆಯ ಸಿಂಫನಿಯ ಎರಡನೆಯ ಭಾಗವನ್ನು ಮತ್ತೆ ನುಡಿಸುವಂತೆ ಒತ್ತಾಯಿಸಿದ್ದರು. ಕಂಪನಿ ನಾಟಕಗಳಲ್ಲಿ ರಂಗಗೀತೆಗೆ ‘ಒನ್ಸ್ ಮೋರ್’ ಎಂದು ಕೂಗಿ ಮತ್ತೆ ಮತ್ತೆ ಹಾಡಿಸುತ್ತಿದ್ದ ಕನ್ನಡ ಪ್ರೇಕ್ಷಕರಿಗೂ ಆ ವಿಯೆನ್ನಾದ ಜನರಿಗೂ ಹೆಚ್ಚಿನ ಅಂತರ ಕಾಣುವುದಿಲ್ಲ. ಕೃತಿಯನ್ನು ಒಡೆಯದ ಒಂದೇ ರಚನೆಯಾಗಿ ಕೇಳಬೇಕೆಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಲಗೊಂಡ ಮೇಲೆ, ವಾಗ್ನರ್, ಮಾಹ್ಲರ್ ಮುಂತಾದವರ ಪ್ರಭಾವದಿಂದ ಇಂದಿನ ಶಿಸ್ತು ನಿಧಾನವಾಗಿ ನೆಲೆಗೊಂಡಿತು. ಆ ಲೋಕಕ್ಕೆ ಕನ್ನಡ ನಾಡಿನ ನಂಟೂ ಇದೆ: ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದ ಜಯಚಾಮರಾಜ ಒಡೆಯರ್ ಅವರು ಹಣದ ಹೊಣೆ ಹೊತ್ತದ್ದರಿಂದಲೇ, ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಅಲ್ಲಿ ಮೊದಲ ಬಾರಿಗೆ ಕೇಳಿಬಂದವು.

ಸಭೆಯ ಶಿಸ್ತು ಹೀಗೆ ಕಾಲಕಾಲಕ್ಕೆ ಬದಲಾಗುವುದಾದರೆ, ಅದನ್ನು ನಿರ್ಣಯಿಸುವ ಅಳತೆ ಯಾವುದೆಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರವನ್ನು ಯುರೋಪಿನಲ್ಲಿ ಹುಡುಕಬೇಕಾಗಿಲ್ಲ; ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಅದು ವರ್ಷಕ್ಕೊಮ್ಮೆ ಎಲ್ಲರ ಕಣ್ಣೆದುರಿಗೇ ಸಿಗುತ್ತದೆ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಡೆಂಕನಮರಡಿ ಎಂಬ ಬಯಲಿನಲ್ಲಿ, ಲಕ್ಷಾಂತರ ಭಕ್ತರು ಸೇರಿ ‘ಏಳು ಕೋಟಿಗೋ ಚಾಂಗಮಲೋ’ ಎಂದು ಘೋಷಿಸುತ್ತಿರುತ್ತಾರೆ; ಡಮರುಗ, ಗಂಟೆ, ಮಕ್ಕಳ ಅಳು, ಮಾರಾಟಗಾರರ ಕೂಗು ಎಲ್ಲವೂ ಒಂದರೊಳಗೊಂದು ಬೆರೆತಿರುತ್ತವೆ. ಉಪವಾಸ ವ್ರತದಲ್ಲಿದ್ದ ಗೊರವಯ್ಯ, ಅಂದರೆ ಕರಿಕಂಬಳಿ ತೊಟ್ಟು ಮೈಲಾರಲಿಂಗನ ಸೇವೆಗೆ ನಿಂತ ಪರಂಪರೆಯ ಭಕ್ತ, ನೆಟ್ಟಗೆ ನಿಲ್ಲಿಸಿದ ಎತ್ತರದ ಬಿಲ್ಲನ್ನೇರಿ ತುದಿಯಲ್ಲಿ ನಿಂತು ‘ಸದ್ದಲೇ’ ಎನ್ನುತ್ತಾನೆ. ಸದ್ದು ನಿಲ್ಲಲಿ ಎಂಬ ಅರ್ಥದ ಆ ಒಂದೇ ಕರೆಗೆ ಅಷ್ಟು ದೊಡ್ಡ ಸಮೂಹ ಒಮ್ಮೆಲೇ ಸ್ತಬ್ಧವಾಗುತ್ತದೆ. ಆತ ವರ್ಷದ ಭವಿಷ್ಯವೆಂದು ಜನ ನಂಬುವ ಒಂದು ಚಿಕ್ಕ ನುಡಿಯನ್ನು, ಅಂದರೆ ಕಾರಣಿಕವನ್ನು, ನುಡಿದು ಹಿಂದಕ್ಕೆ ಬೀಳುತ್ತಾನೆ, ಕೆಳಗಿದ್ದವರು ಆತನನ್ನು ಹಿಡಿಯುತ್ತಾರೆ, ಮರುಕ್ಷಣವೇ ಘೋಷ ಮತ್ತೆ ಏಳುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಮೌನದ ಜೊತೆಗೆ ಅದರ ಪ್ರಮಾಣ. ಕಾರಣಿಕ ಒಂದೇ ಬಾರಿ ನುಡಿಯುವಂಥದ್ದು, ಅದಕ್ಕೆ ಪುನರುಕ್ತಿಯಿಲ್ಲ, ತಪ್ಪಿದರೆ ಒಂದು ವರ್ಷ ಕಾಯಬೇಕು. ಆದ್ದರಿಂದ ಆ ಕೆಲವು ಕ್ಷಣಗಳ ಮಟ್ಟಿಗೆ ಪೂರ್ಣ ಮೌನ, ಉಳಿದ ಹೊತ್ತಿನಲ್ಲಿ ಯಾವ ಅಡ್ಡಿಯೂ ಇಲ್ಲದ ಘೋಷ. ಕಳೆದುಹೋಗಬಹುದಾದದ್ದು ಎಷ್ಟು ಸೂಕ್ಷ್ಮವೋ ಅಷ್ಟು ಮೌನ ಎಂಬ ಈ ಅಳತೆಯನ್ನು ಹಿಡಿದರೆ ಉಳಿದ ಕಲೆಗಳ ಬೇಡಿಕೆಯೂ ಸ್ಪಷ್ಟವಾಗುತ್ತದೆ. ಬಯಲಾಟದಲ್ಲಿ ರಾಜನ ಪಾತ್ರ ಹೆಜ್ಜೆ ಹಾಕುತ್ತಾ ರಂಗಕ್ಕೆ ಬರುವಾಗ ಏಳುವ ಕೇಕೆ ಆಟಕ್ಕೆ ಬೇಕಾದದ್ದೇ, ರಾತ್ರಿಯಿಡೀ ಕುಣಿಯುವ ವೇಷಧಾರಿಗೆ ಅದು ಮೈಬಲ. ಆದರೆ ಆಟದ ಹಾಡುಗಾರನಾದ ಭಾಗವತ ಪದವನ್ನು ಎತ್ತಿಕೊಂಡಾಗ, ಪಾತ್ರಧಾರಿ ಅದರ ಅರ್ಥವನ್ನು ಮಾತಿನಲ್ಲಿ ಬಿಡಿಸುವಾಗ ಅದೇ ಕೇಕೆ ಆಟವನ್ನು ಕೊಲ್ಲುತ್ತದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ಬೆಳೆಸಿದ ಹಿಂದೂಸ್ತಾನಿ ಗಾಯನದ ಕಛೇರಿಯಲ್ಲಿ, ತಾಳವಿಲ್ಲದೆ ರಾಗವನ್ನು ಮೆಲ್ಲನೆ ಬಿಡಿಸುವ ಆಲಾಪಕ್ಕೆ ನಿಶ್ಶಬ್ದ ಬೇಕು. ತಾನ ಎಂಬ ವೇಗದ ಸ್ವರಸರಣಿ ಮುಗಿದು ತಾಳದ ಮೊದಲ ಮಾತ್ರೆಯಾದ ಸಮ್‌ಗೆ ಗಾಯಕ ಬಂದು ಸೇರಿದಾಗ ಬಾಯಿಂದ ಹೊರಡುವ ‘ವಾಹ್’ ಕೇಳುಗ ಎಚ್ಚರವಾಗಿದ್ದನೆಂಬುದಕ್ಕೆ ಗುರುತು. ಎಂ. ಪಿ. ಪ್ರಕಾಶ್ ಅವರು ಹೂವಿನಹಡಗಲಿಯಲ್ಲಿ ಕಟ್ಟಿದ ರಂಗಭಾರತಿಯಂಥ ಹವ್ಯಾಸಿ ಸಂಸ್ಥೆಗಳು ಆಡಿಸುವ ನಾಟಕಗಳಲ್ಲಿ ನಟನ ಒಂದು ನಿಲುಗಡೆಯೂ ಮಾತಿನಷ್ಟೇ ಅರ್ಥ ಹೊತ್ತಿರುತ್ತದೆ. ರಸಮಂಜರಿಗಾದರೋ ಸಿಳ್ಳೆ ಹೊಡೆದವರನ್ನು ಯಾರೂ ದೂರಬೇಕಾಗಿಲ್ಲ. ಅಲ್ಲಿ ಕೆಡುಕು ಮಾಡುವುದು ತನ್ನ ಮೆಚ್ಚಿನ ಹಾಡಿನ ಚೀಟಿಯನ್ನು ಮೊದಲು ಓದಲಿಲ್ಲವೆಂದು ವೇದಿಕೆಗೆ ನುಗ್ಗುವ ಹಟ.

ಈ ದೃಷ್ಟಿಯಿಂದ ನೋಡಿದರೆ, ಚಪ್ಪಾಳೆಗಿಂತ ಹೆಚ್ಚು ಹಾನಿ ಮಾಡುವ ಅಭ್ಯಾಸಗಳು ಬೇರೆಯೇ ಇವೆ. ಆಯೇರಿ, ಅಂದರೆ ಬಂಧುಬಳಗದವರು ಪಾತ್ರಧಾರಿಗೆ ಕೊಡುವ ಉಡುಗೊರೆ, ಪ್ರೀತಿಯ ಪದ್ಧತಿ. ಅದನ್ನು ಬಿಡಬೇಕೆನ್ನುವುದು ಸರಿಯಲ್ಲ. ಆದರೆ ಯುದ್ಧದ ದೃಶ್ಯ ಕಾವೇರುತ್ತಿರುವಾಗ ಆಟ ನಿಲ್ಲಿಸಿ, ಕೊಟ್ಟವರ ಹೆಸರು, ಕೊಟ್ಟ ಮೊತ್ತವನ್ನು ಮೈಕಿನಲ್ಲಿ ಓದುವುದರಿಂದ ಮೆಚ್ಚಿದ ಕಲೆಗೇ ಪೆಟ್ಟು ಬೀಳುತ್ತದೆ. ಹೆಸರುಗಳನ್ನೆಲ್ಲ ಒಟ್ಟುಮಾಡಿ ದೃಶ್ಯ ಮುಗಿದಾಗ ಓದಿದರೆ ಕೊಟ್ಟವರ ಮಾನವೂ ಉಳಿಯುತ್ತದೆ, ಆಟವೂ ಉಳಿಯುತ್ತದೆ. ಮೊಬೈಲನ್ನು ತಲೆಯ ಮೇಲೆತ್ತಿ ಚಿತ್ರೀಕರಿಸುವವನು ಹಿಂದೆ ಚಾಪೆಯ ಮೇಲೆ ಕೂತ ಅಜ್ಜಿಯ ನೋಟಕ್ಕೆ ಗೋಡೆ ಕಟ್ಟುತ್ತಾನೆ. ತಡವಾಗಿ ಬಂದವರು ಪದ ಮುಗಿಯುವವರೆಗೆ ಅಂಚಿನಲ್ಲಿ ನಿಂತು, ಆಮೇಲೆ ಒಳಗೆ ಬರುವುದನ್ನು ಮತ್ತೆ ಮತ್ತೆ ಪ್ರಯತ್ನಪಟ್ಟು ಮಾಡುತ್ತಾ ಬಂದರೆ, ಕ್ರಮೇಣ ಕಾಲು ತಾನಾಗಿ ನಿಲ್ಲತೊಡಗುತ್ತದೆ. ಅಭ್ಯಾಸಗಳು ಬೇರೂರುವ ಬಗೆಯೇ ಹಾಗೆ. ಮಕ್ಕಳನ್ನು ಗದರಿ ಸುಮ್ಮನಾಗಿಸುವುದಕ್ಕಿಂತ, ಈಗ ಬರುವ ಪಾತ್ರ ಯಾವುದು, ಅದರ ಮುಂದಿನ ಮಾತನ್ನು ಏಕೆ ಕಿವಿಗೊಟ್ಟು ಕೇಳಬೇಕು ಎಂದು ಆಟಕ್ಕೆ ಮೊದಲೇ ತಿಳಿಸುವುದು ಫಲಕಾರಿ, ಏಕೆಂದರೆ ಏನನ್ನು ಕಳೆದುಕೊಳ್ಳುತ್ತೇವೆಂದು ಗೊತ್ತಿಲ್ಲದವರಿಗೆ ಮೌನ ಶಿಕ್ಷೆಯಂತೆ ತೋರುತ್ತದೆ.

ಮೈಲಾರದಲ್ಲಿ ಗೊರವಯ್ಯ ಬಿಲ್ಲಿನಿಂದ ಬಿದ್ದ ಮೇಲೆ ಯಾರೂ ಸುಮ್ಮನಿರುವುದಿಲ್ಲ. ಕೇಳಿದ ನುಡಿಯನ್ನು ಒಬ್ಬರು ಮಳೆಗೆ, ಇನ್ನೊಬ್ಬರು ಬೆಳೆಗೆ, ಮತ್ತೊಬ್ಬರು ರಾಜಕೀಯಕ್ಕೆ ಹೊಂದಿಸಿ, ಇಂಥ ಪದವನ್ನೇ ನುಡಿದದ್ದು, ಅಲ್ಲ ಅಂಥದ್ದು ಎಂದು ಹಟ ಹಿಡಿದು ವಾದಿಸುತ್ತಾ, ಬಂಡಿ, ಟ್ರ್ಯಾಕ್ಟರುಗಳಲ್ಲಿ ತಮ್ಮ ತಮ್ಮ ಊರಿನ ದಾರಿ ಹಿಡಿಯುತ್ತಾರೆ. ಆ ವಾದ ಮನೆ ಮುಟ್ಟಿದ ಮೇಲೂ, ಮುಂಗಾರು ಬರುವವರೆಗೂ ಮುಂದುವರಿಯುತ್ತದೆ.