ಅನಾದರವೆಂಬ ಅತಿಚಾರ

ಪರ್ವದ ಉಪವಾಸಕ್ಕೆ ಬಸದಿಯ ಪೂಜೆಯ ಸಂಭ್ರಮವಿದೆ, ಬಂಧುಗಳ ಪ್ರೋತ್ಸಾಹವಿದೆ, ಮರುದಿನದ ಪಾರಣೆಯ ನಿರೀಕ್ಷೆಯೂ ಇದೆ. ಪ್ರತಿದಿನವೂ ಒಂದು ಮುಹೂರ್ತ, ಅಂದರೆ 48 ನಿಮಿಷಗಳ ಕಾಲ, ಏಕಾಂತದಲ್ಲಿ ಸಾಮಾಯಿಕಕ್ಕೆ ಕುಳಿತುಕೊಳ್ಳುವ ಶ್ರಾವಕನಿಗೆ ಇವು ಯಾವುವೂ ಇಲ್ಲ. ಆರಂಭದ ಉತ್ಸಾಹವು ಕೆಲವು ತಿಂಗಳುಗಳಲ್ಲಿ ಬಾಡುತ್ತದೆ. ಅಲ್ಲಿಂದ ಮುಂದೆ ಏನು ಮಾಡಬೇಕೆಂಬುದು ವಿಚಾರಣೀಯ.

ಈ ವ್ರತವನ್ನು ಕೈಗೊಂಡಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಒಮ್ಮೆ ಕೇಳಿದನು: "ಮೇಷ್ಟ್ರೇ, ಮನಸ್ಸೇ ನಿಲ್ಲದ ದಿನ ಕಣ್ಣುಮುಚ್ಚಿ ಕುಳಿತರೆ ಅದು ಕಪಟವಲ್ಲವೇ? ಅದಕ್ಕಿಂತ ಬಿಟ್ಟುಬಿಡುವುದೇ ಮೇಲಲ್ಲವೇ?" ನಾನು ಕೂಡಲೇ ಉತ್ತರಿಸಲಾರದೆ ಹೋದೆನು. ಅಂದು ಬೆಳಿಗ್ಗೆ ಸಾಮಾಯಿಕದ ನಡುವೆ ನಾನೇ ಮೂರು ಬಾರಿ ಗಡಿಯಾರವನ್ನು ನೋಡಿದ್ದೆನು.

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಸಾಮಾಯಿಕಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಾಯ, ವಚನ, ಮನಸ್ಸುಗಳೆಂಬ ಮೂರು ಯೋಗಗಳ ದುಷ್ಪ್ರಣಿಧಾನ ಮೂರು. ಅನಾದರ ಮತ್ತು ಸ್ಮೃತ್ಯನುಪಸ್ಥಾನ ಉಳಿದೆರಡು. ಪ್ರೋಷಧೋಪವಾಸದ ಅತಿಚಾರಗಳಲ್ಲಿಯೂ ಕೊನೆಯ ಎರಡು ಇವೇ ಆಗಿವೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅನಾದರವನ್ನು ಅನುತ್ಸಾಹವೆಂದೂ ಸ್ಮೃತ್ಯನುಪಸ್ಥಾನವನ್ನು ಏಕಾಗ್ರತೆಯ ಅಭಾವವೆಂದೂ ಅರ್ಥೈಸಿದ್ದಾರೆ. ಹೀಗೆ ನಮ್ಮ ಬೇಸರವು ಸೂತ್ರಕಾರರಿಗೆ ಅಪರಿಚಿತವಾದುದಲ್ಲ. ವ್ರತಧಾರಿಗೆ ಅದು ಬರುತ್ತದೆಂದು ತಿಳಿದೇ ಅದಕ್ಕೊಂದು ಹೆಸರನ್ನಿಟ್ಟಿದ್ದಾರೆ.

ಅತಿಚಾರವು ವ್ರತಕ್ಕೆ ತಗುಲಿದ ಮಲ. ಅನಾಚಾರವು ವ್ರತದ ಭಂಗ. ಉಟ್ಟ ಬಟ್ಟೆಗೆ ಕೊಳೆಯಾದರೆ ಒಗೆಯುತ್ತೇವೆಯೇ ಹೊರತು ಸುಡುವುದಿಲ್ಲ. ಮನಸ್ಸು ಅಲೆಯಿತೆಂದು ಸಾಮಾಯಿಕವನ್ನೇ ತೊರೆಯುವುದು ಬಟ್ಟೆಯನ್ನು ಸುಟ್ಟಂತೆ. ಇಲ್ಲದ ಶಾಂತಿಯನ್ನು ಇದೆಯೆಂದು ಪರರಿಗೆ ತೋರಿಸುವುದು ಕಪಟ. ತನ್ನ ಚಂಚಲತೆಯನ್ನು ಕಂಡು, ಪ್ರತಿಕ್ರಮಣದಲ್ಲಿ ಅದನ್ನು ಒಪ್ಪಿಕೊಳ್ಳುವವನಲ್ಲಿ ಕಪಟವೆಲ್ಲಿ? ಆದರೆ "ಇದು ಅತಿಚಾರ ಮಾತ್ರ" ಎಂದು ನಿಶ್ಚಿಂತನಾಗಿರುವುದೂ ಸಲ್ಲದು. ಆ ನಿಶ್ಚಿಂತೆಯೇ ಅನಾದರದ ಬೇರು.

ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತ್ಯನುಸಾರವಾಗಿ ಮಾಡಬೇಕೆಂದು ವಿಧಿಸಿದೆ. ಶಕ್ತಿಯನ್ನು ಮೀರುವುದೂ ಬೇಡ, ಇರುವ ಶಕ್ತಿಯನ್ನು ಮರೆಮಾಡುವುದೂ ಬೇಡ. ಬಾಹುಬಲಿಸ್ವಾಮಿಯು ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತನೆಂಬುದು ಪುರಾಣಪ್ರಸಿದ್ಧ. ಗೃಹಸ್ಥನನ್ನು ಶಾಸ್ತ್ರವು ಅಷ್ಟನ್ನು ಕೇಳಿಲ್ಲ. ಮೊಣಕಾಲು ನೋಯುವವನು ಆಸನವನ್ನು ಸಡಿಲಿಸಲಿ. ಆದರೆ ಕಾಲವನ್ನು ಮೊಟಕುಗೊಳಿಸುವ ಮುನ್ನ, ದಣಿದಿರುವುದು ದೇಹವೋ ಆದರವೋ ಎಂದು ತನ್ನನ್ನೇ ಕೇಳಿಕೊಳ್ಳಲಿ.

ಮನಸ್ಸು ಸರಿದಾಗ ಕಾಯೋತ್ಸರ್ಗದ ಕ್ರಮವೇ ನೆರವಾಗುತ್ತದೆ: ಒಂದು ಣಮೋಕಾರಕ್ಕೆ ಮೂರು ಉಚ್ಛ್ವಾಸಗಳಂತೆ ಒಂಬತ್ತು ಣಮೋಕಾರಗಳಿಗೆ 27 ಉಚ್ಛ್ವಾಸಗಳು. ನಡುವೆ ಲೆಕ್ಕ ತಪ್ಪಿದರೆ ಸಿಟ್ಟಾಗದೆ ಮೊದಲಿನಿಂದ ಆರಂಭಿಸಬೇಕು. ತಾಳ್ಮೆಯೆಂದರೆ ಹಲ್ಲು ಕಚ್ಚಿ ಕುಳಿತಿರುವುದಲ್ಲ. ಹೀಗೆ ಮತ್ತೆ ಆರಂಭಿಸುವುದೇ ತಾಳ್ಮೆ.

ಆ ವಿದ್ಯಾರ್ಥಿಗೆ ಇಷ್ಟನ್ನೇ ಬರೆದು ಕಳುಹಿಸಿದೆನು. ಗಡಿಯಾರವನ್ನು ಈಗ ಬೆನ್ನ ಹಿಂದಿನ ಗೋಡೆಗೆ ತೂಗುಹಾಕಿದ್ದೇನೆ. ಮುಹೂರ್ತ ಮುಗಿದುದನ್ನು ಮನೆಯವರು ತಿಳಿಸುತ್ತಾರೆ. ಕುತ್ತಿಗೆ ಒಮ್ಮೊಮ್ಮೆ ಅತ್ತ ಹೊರಳುವುದುಂಟು. ಆಗ ಮೊದಲ ಣಮೋಕಾರಕ್ಕೆ ಮರಳುತ್ತೇನೆ.