ಪಾಠದಲ್ಲಿಲ್ಲದ ಪ್ರಶ್ನೆ

“ಟೀಚರ್, ಅಜ್ಜಿ ದಿನವೂ ದುಡಿಯುವ ಹೊಲದ ಪಹಣಿಯಲ್ಲಿ ಅಜ್ಜಿಯ ಹೆಸರು ಯಾಕಿಲ್ಲ?” ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಳು. “ಅದು ಪಾಠದಲ್ಲಿಲ್ಲ, ಕೂತ್ಕೋ” ಎಂದುಬಿಟ್ಟೆ. ಆಗ ನನಗೆ ಸಂಶೋಧನೆಯೆಂದರೆ ಗಾಜಿನ ನಳಿಗೆ, ಬಿಳಿ ಕೋಟು, ಅಷ್ಟೇ.

ಆ ಪ್ರಯೋಗಾಲಯದ ಬಾಗಿಲೂ ನಮಗೆ ಸುಲಭವಾಗಿ ತೆರೆದದ್ದಲ್ಲ. 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆ ಹೆಣ್ಣೆಂಬ ಕಾರಣಕ್ಕೆ ಕಮಲಾ ಸೊಹೋನಿಯವರನ್ನು ಮೊದಲು ಬೇಡವೆಂದಿತು. ಹಟ ಹಿಡಿದು ಸೇರಿದ ಅವರು ಅಭ್ಯಸಿಸಿದ್ದು ಹಾಲು, ಬೇಳೆಗಳ ಪ್ರೋಟೀನನ್ನು. ಅಂದರೆ ನಮ್ಮ ಅಡುಗೆಮನೆಯನ್ನೇ!

ಪ್ರಯೋಗಾಲಯದ ಹೊರಗೂ ಸಂಶೋಧನೆಯುಂಟೆಂದು ತಿಳಿದದ್ದು ಆಮೇಲೆ. ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ವಾಸವಿದ್ದು ಜನರ ಬಾಳನ್ನು ಬರೆದುಕೊಂಡರು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಮಥುರಾ ಮೊಕದ್ದಮೆಯ ತೀರ್ಪನ್ನು ಪ್ರಶ್ನಿಸಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು, ಹೆಂಗಸರು ಬೀದಿಗಿಳಿದರು, 1983ರಲ್ಲಿ ಅತ್ಯಾಚಾರದ ಕಾನೂನಿಗೇ ತಿದ್ದುಪಡಿಯಾಯಿತು.

ದಾರಿಗಳು ಬೇರೆ ಬೇರೆ, ಹೊರಟದ್ದು ಮಾತ್ರ “ಯಾಕೆ ಹೀಗೆ?” ಎಂಬಲ್ಲಿಂದ. ಆ ಹುಡುಗಿಯೂ ಅಲ್ಲೇ ನಿಂತಿದ್ದಳು. ನನಗೆ ಉತ್ತರ ಗೊತ್ತಿಲ್ಲದ್ದು ತಪ್ಪಲ್ಲ. ಪ್ರಶ್ನೆಯನ್ನು ಕೂರಿಸಿದ್ದು ತಪ್ಪು.

ಈಗ ಮಕ್ಕಳು ಅಂಥದ್ದು ಕೇಳಿದರೆ, “ಪಹಣಿ ತಗೊಂಡು ಬಾ, ಇಬ್ಬರೂ ನೋಡೋಣ” ಎನ್ನುತ್ತೇನೆ. ಅವಳು ಮಾತ್ರ ನನ್ನ ತರಗತಿಯಲ್ಲಿ ಮತ್ತೆ ಕೈ ಎತ್ತಲಿಲ್ಲ.