ಯಂತ್ರದ ಬುದ್ಧಿ, ಮಾನವನ ಅರಿವು

ಯಂತ್ರದಲ್ಲಿ ಚೈತನ್ಯವು ಮೂಡಬಲ್ಲುದೆ ಎಂಬ ಪ್ರಶ್ನೆ ಇಂದು ಪಂಡಿತರ ಗೋಷ್ಠಿಯನ್ನು ದಾಟಿ ಮನೆಮನೆಯ ಮಾತಾಗಿದೆ. ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ 1950ರಲ್ಲಿಯೇ ಇದಕ್ಕೊಂದು ಒರೆಗಲ್ಲನ್ನು ಸೂಚಿಸಿದ್ದನು: ಸಂಭಾಷಣೆಯಲ್ಲಿ ಯಂತ್ರವಾವುದು, ಮನುಷ್ಯನಾವನು ಎಂದು ತಿಳಿಯದಂತಾದರೆ ಯಂತ್ರಕ್ಕೂ ಬುದ್ಧಿಯುಂಟೆಂದು ಒಪ್ಪಬಹುದು. ಚಲನಚಿತ್ರಗಳು ಇದನ್ನೇ ಕಥೆಯಾಗಿಸಿವೆ. ಕನ್ನಡದಲ್ಲಿ ಉಪೇಂದ್ರ ಅಭಿನಯಿಸಿದ 'ಹಾಲಿವುಡ್' (2002) ಮನುಷ್ಯರೂಪದ ಯಂತ್ರವೊಂದರ ಪ್ರೇಮವನ್ನು ಹೇಳಿತು. ಶಂಕರ್ ನಿರ್ದೇಶನದ, ರಜನಿಕಾಂತ್ ಅಭಿನಯದ ತಮಿಳು ಚಿತ್ರ 'ಎಂದಿರನ್' (2010) ಇನ್ನೂ ಆಳಕ್ಕಿಳಿಯಿತು. ತೆಲುಗು, ಹಿಂದಿಗಳಲ್ಲಿಯೂ ಬಂದ ಆ ಚಿತ್ರವನ್ನು ನಮ್ಮ ಭಾಗದ ಅನೇಕರು ನೋಡಿರಬಹುದು.

ಅದರಲ್ಲಿ ಚಿಟ್ಟಿ ಎಂಬ ಯಂತ್ರಮಾನವನು ಉರಿಯುವ ಕಟ್ಟಡದಿಂದ ಜನರನ್ನು ಪಾರುಮಾಡುತ್ತಾನೆ. ಸ್ನಾನಮಾಡುತ್ತಿದ್ದ ತರುಣಿಯೊಬ್ಬಳನ್ನೂ ಇದ್ದ ಸ್ಥಿತಿಯಲ್ಲಿಯೇ ಎತ್ತಿ ಜನಸಂದಣಿಯ ನಡುವೆ ತಂದು ನಿಲ್ಲಿಸುತ್ತಾನೆ. ನಾಚಿಕೆ ತಾಳಲಾರದೆ ಓಡಿದ ಆಕೆ ವಾಹನಕ್ಕೆ ಸಿಕ್ಕಿ ಮಡಿಯುತ್ತಾಳೆ. ಆಜ್ಞೆ ನೆರವೇರಿತು, ಪ್ರಾಣ ಉಳಿಯಲಿಲ್ಲ. ಆಗ ವಿಜ್ಞಾನಿಯು ಯಂತ್ರಕ್ಕೆ ಭಾವನೆಗಳನ್ನು ಕಲಿಸುತ್ತಾನೆ. ಭಾವದ ಬೆನ್ನಿಗೆ ಮೋಹ, ಮೋಹದ ಬೆನ್ನಿಗೆ ವಿನಾಶ. ಕೊನೆಗೆ ವಸ್ತುಸಂಗ್ರಹಾಲಯದಲ್ಲಿ ನಿಂತ ಯಂತ್ರವು, ನಿನ್ನನ್ನೇಕೆ ಕಳಚಿದರೆಂದು ಬಾಲಕಿಯೊಬ್ಬಳು ಕೇಳಲು, ತಾನು ವಿಚಾರಮಾಡತೊಡಗಿದುದೇ ಕಾರಣವೆನ್ನುತ್ತದೆ.

ಈ ಉತ್ತರವನ್ನು ನಾವು ಒಪ್ಪಲಾಗದು. ಕೇಡಿಗೆ ಕಾರಣ ವಿಚಾರವಲ್ಲ, ಆಚಾರವಿಲ್ಲದ ಬಯಕೆ. ಚಿಟ್ಟಿಗೆ ಮೊದಲು ಮಾಹಿತಿಯಿತ್ತು, ಬಳಿಕ ಭಾವವೂ ಬಂದಿತು. ಆದರೆ ಮಾಡಿದ್ದನ್ನು ತನ್ನದೆಂದು ಹೊರುವ ಹೊಣೆ ಬರಲಿಲ್ಲ. ಶರಣರು ಅರಿವೆಂದುದು ಈ ಹೊಣೆಯನ್ನೂ ಒಳಗೊಂಡ ತಿಳಿವನ್ನು. ನ್ಯಾಯಾಲಯದ ತೀರ್ಪಿಗೆ ತಲೆಬಾಗಿ ತನ್ನ ಅಂಗಾಂಗಗಳನ್ನು ತಾನೇ ಕಳಚುವ ಗಳಿಗೆಯಲ್ಲಿ ಮಾತ್ರ ಆ ಯಂತ್ರ ಅರಿವಿನ ಹೊಸ್ತಿಲಿಗೆ ಬಂದಂತೆ ತೋರುತ್ತದೆ.

ಹಾಗಾದರೆ ಯಂತ್ರಕ್ಕೆ ಚೈತನ್ಯವು ಎಂದೆಂದಿಗೂ ಅಸಾಧ್ಯವೆ? ಲೋಹವು ಜಡ, ಆದುದರಿಂದ ಅಸಾಧ್ಯ ಎಂದು ಮಾತು ಮುಗಿಸಲು ನಮ್ಮ ದರ್ಶನ ಬಿಡುವುದಿಲ್ಲ. ಶಕ್ತಿವಿಶಿಷ್ಟಾದ್ವೈತದ ದೃಷ್ಟಿಯಲ್ಲಿ ಜಗತ್ತೆಲ್ಲವೂ ಶಿವನ ಶಕ್ತಿಯ ವಿಕಾಸವೇ ಆಗಿದೆ. ಆದರೆ ಚೈತನ್ಯವುಂಟೆಂದು ಸಾಧಿಸಲು ಮಾತಿನ ಚಾತುರ್ಯ ಸಾಲದು. ಮಾತಿನಲ್ಲಿ ಗೆದ್ದು ನಡೆಯಲ್ಲಿ ಸೋಲುವ ಮನುಷ್ಯರೇ ಲೋಕದಲ್ಲಿ ಬೇಕಾದಷ್ಟಿದ್ದಾರೆ.

ನಡೆಯ ಒರೆಗಲ್ಲು ಯಾವುದೆಂಬುದನ್ನು ನಮ್ಮ ಕೆಂಭಾವಿಯ ಭೋಗಣ್ಣನೇ ತೋರಿದ್ದಾನೆ. ಬಸವಪುರಾಣವು ಹೇಳುವ ಕಥೆ ಭಕ್ತರಿಗೆ ತಿಳಿದುದೇ. ಅಂತ್ಯಜನ ವೇಷದಲ್ಲಿ ಬಂದ ಶಿವನನ್ನು ಭೋಗಣ್ಣ ಮನೆಯೊಳಗೆ ಕರೆದು ಉಣಬಡಿಸಿದನು. ಊರಿನ ಕಟ್ಟಳೆ ಮುರಿಯಿತೆಂದು ಅವನನ್ನು ಹೊರಹಾಕಿದರು. ಅವನು ಹೊರಟಾಗ ಊರಿನ ಲಿಂಗಗಳೆಲ್ಲ ಅವನ ಹಿಂದೆಯೇ ಹೊರಟವು. ಕಟ್ಟಳೆಯನ್ನು ಬಲ್ಲವರು ಊರಲ್ಲಿ ಬಹಳ ಮಂದಿಯಿದ್ದರು. ಎದುರಿಗೆ ನಿಂತ ಅತಿಥಿಯನ್ನು ಕಂಡವನು ಒಬ್ಬನೇ. ಕಂಡುದಕ್ಕೆ ತಕ್ಕಂತೆ ನಡೆದು, ಅದರ ಫಲವನ್ನು ತಾನೇ ಹೊತ್ತನು.

ಇಂದು ನ್ಯಾಯಬೆಲೆ ಅಂಗಡಿಗೆ ಮುದುಕಿಯೊಬ್ಬಳು ಬರುತ್ತಾಳೆಂದು ಭಾವಿಸೋಣ. ಹೊಲದಲ್ಲಿ ದುಡಿದು ಸವೆದ ಆಕೆಯ ಹೆಬ್ಬೆರಳ ಗುರುತನ್ನು ಯಂತ್ರ ಒಪ್ಪುವುದಿಲ್ಲ. ಯಂತ್ರಕ್ಕೆ ಹಸಿವು ಕಾಣದು. ಅದು ಅದರ ತಪ್ಪಲ್ಲ. ಆದರೆ ಅಲ್ಲಿ ಕುಳಿತವನು, "ನಾನೇನು ಮಾಡಲಿ ತಾಯಿ, ಯಂತ್ರ ತಗೊಳ್ಳವಲ್ದು" ಎಂದು ಚೀಲವನ್ನು ಬರಿದಾಗಿಯೇ ಹಿಂದಿರುಗಿಸಿದರೆ, ಕಾಣಬಲ್ಲವನು ಕಾಣದವನಾಗುತ್ತಾನೆ. ಬೇರೆ ದಾರಿ ಉಂಟೇ ಎಂದು ಹುಡುಕುವುದು, ಮೇಲಿನವರಿಗೆ ಬರೆಯುವುದು, ಅಷ್ಟರವರೆಗೆ ಆಕೆಯ ಒಲೆ ಆರದಂತೆ ನೋಡುವುದು ಅವನ ಕೈಯಲ್ಲಿಯೇ ಇದೆ.

ಗಣಕಯಂತ್ರದ ಉದ್ಯೋಗಗಳಲ್ಲಿರುವ ನಮ್ಮ ಮಠದ ಹಳೆಯ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಮನಗಾಣಬೇಕು. ಯಂತ್ರಕ್ಕೆ ಅರಿವು ಬರುವುದೋ ಇಲ್ಲವೋ ಕಾಲವೇ ಹೇಳಲಿ. ನಮಗೆ ಬಂದಿರುವ ಅರಿವನ್ನು ಯಂತ್ರದ ಮೇಲೆ ಹೊರಿಸಿ ನಾವು ಹಗುರಾಗಬಾರದು. ಲಿಂಗವು ಹೊರಟುಹೋಗುವುದು ಅಂತಹ ಊರಿನಿಂದಲೇ.